ಗದ್ದೆಯ ನಡುವಿನ ಪ್ಲೈವುಡ್ಡು

ತಿರ್ತಬೈಲು ಅಪ್ಪಿ ರೈ, ವಯಸ್ಸು ಎಪ್ಪತ್ತೊಂದು. ಕಡಬ ತಾಲೂಕಿನ ಇಚಿಲಂಪಾಡಿಯವರು; ದೇಯಿ ರೈಯವರ ಹಿರಿಯ ಮಗಳು, ದಿವಂಗತ ಚೆನ್ನಪ್ಪ ರೈಯವರ ಹೆಂಡತಿ, ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷಿಸುವ ಕೆಲಸದಲ್ಲಿರುವ ಯಶ್ಮಿತಾಳ ತಾಯಿ. ಕಳೆದ ಸುಗ್ಗಿ ತಿಂಗಳ ಒಂದು ಮಧ್ಯಾಹ್ನ, ಬೀಜದ ಭತ್ತ ಕೇರುತ್ತಿದ್ದವರು ಗೆರಸೆಯನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕುಳಿತಲ್ಲೇ ತೀರಿಕೊಂಡರು. ಸಾವಿಗೆ ಕಾರಣ ಹೃದಯ. ಇದನ್ನು ಮೊದಲಿಗೇ ಹೇಳಿಬಿಡಬೇಕು. ಏಕೆಂದರೆ ತಮ್ಮ ಸಾವಿಗೆ ಬೇರೆ ಕಾರಣ ಹುಡುಕುವವರು ಊರಿನಲ್ಲಿ ಇದ್ದಾರೆಂಬುದು ಅವರಿಗೆ ಗೊತ್ತಿತ್ತು; ಅಂಥವರಿಗೆ ಬದುಕಿದ್ದಾಗಲೇ ಉತ್ತರ ಕೊಟ್ಟು ಹೋಗಿದ್ದರು.

ತಿರ್ತಬೈಲಿನ ಗದ್ದೆ ಅಪ್ಪಿ ರೈಗೆ ತಾಯಿಯಿಂದ ಬಂದದ್ದು. ತಾಯಿಗೆ ಅವರ ತಾಯಿಯಿಂದ. ಹೀಗೆ ಹೆಣ್ಣಿನಿಂದ ಹೆಣ್ಣಿಗೆ ಇಳಿದ ಭೂಮಿಗೆ ಒಂದು ಗತ್ತು ಇರುತ್ತದೆ, ಅದು ಒಡತಿಯ ನಡಿಗೆಗೂ ಬರುತ್ತದೆ. ಎರಡನೆಯ ತರಗತಿಯಲ್ಲಿ ಶಾಲೆ ಬಿಡಿಸಿ, ತೆನೆಗೆ ಬರುವ ಗಿಳಿಗಳನ್ನು ಓಡಿಸಲು ಬದುವಿನ ಮೇಲೆ ನಿಲ್ಲಿಸಿದ ದಿನದಿಂದ ಅವರು ಆ ಗದ್ದೆಯನ್ನು ಬಿಟ್ಟಿರಲಿಲ್ಲ. ಬಿಟ್ಟ ಶಾಲೆಯನ್ನು ಮತ್ತೆ ಹಿಡಿದದ್ದು ಮದುವೆಯಾದ ಎಷ್ಟೋ ವರ್ಷಗಳ ಮೇಲೆ, ಜಿಲ್ಲೆಯಲ್ಲೆಲ್ಲ ಸಾಕ್ಷರತೆಯ ಸಂಜೆ ತರಗತಿಗಳು ನಡೆದ ಕಾಲದಲ್ಲಿ. ಹಗಲು ನೇಜಿ, ಅಂದರೆ ಭತ್ತದ ಸಸಿ, ನೆಟ್ಟ ಕೈಯಲ್ಲಿ ಸಂಜೆ ಬಳಪ ಹಿಡಿದರು. ಓದಲು ಬಂದ ಮೇಲೆ ಅವರು ಯಾವುದನ್ನೂ ಮನಸ್ಸಿನೊಳಗೆ ಓದಲಿಲ್ಲ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಮದುವೆಯ ಕಾಗದ, ಎಲ್ಲವನ್ನೂ ಗಟ್ಟಿಯಾಗಿಯೇ ಓದುತ್ತಿದ್ದರು. ಕಷ್ಟಪಟ್ಟು ಕಲಿತದ್ದನ್ನು ಪಿಸುಗುಟ್ಟಬೇಕಾದ ಅಗತ್ಯ ಅವರಿಗೆ ಕಾಣಲಿಲ್ಲ.

ಆ ಬೈಲಿನಲ್ಲಿ ಒಂದು ಕಾಲಕ್ಕೆ ಎಲ್ಲರಿಗೂ ಗದ್ದೆ ಇತ್ತು. ಆಳು ಸಿಗುವುದಿಲ್ಲ, ಹಂದಿ ಬಿಡುವುದಿಲ್ಲ ಎನ್ನುತ್ತಾ ಒಬ್ಬೊಬ್ಬರೇ ಮಣ್ಣು ತುಂಬಿಸಿ ಅಡಿಕೆ ಇಟ್ಟರು, ಗುಡ್ಡದ ಕಡೆಯವರು ರಬ್ಬರ್ ಇಟ್ಟರು. ಇಡದೆ ಉಳಿದವರು ಅಪ್ಪಿ ರೈ ಒಬ್ಬರೇ. ಕೇಳಿದವರಿಗೆ ಅವರದು ಒಂದೇ ಮಾತು: "ಅಡಿಕೆ ಬೇಯಿಸಿ ಉಣ್ಲಿಕ್ಕೆ ಆಗುದಾದ್ರೆ ಹೇಳಿ, ನಾನೂ ಇಡುವ."

ಸಿನೆಮಾದವರು ಅವರನ್ನು ಹುಡುಕಿಕೊಂಡು ಬಂದದ್ದು ಈ ಹಠದ ಕಾರಣದಿಂದಲೇ. ಹಿಂದಿನ ಕಾಲದ ಕತೆಗೆ ಅವರಿಗೆ ಬೇಕಿದ್ದದ್ದು ಒಂದು ನಿಜವಾದ ಭತ್ತದ ಗದ್ದೆ. ಕಣ್ಣಿಗೆ ತಂತಿಯ ಕಂಬ ಬೀಳಬಾರದು, ರಬ್ಬರ್ ಬೀಳಬಾರದು. ಅಂಥದ್ದನ್ನು ಅವರಿಗೆ ತೋರಿಸಿದವನು ಅಪ್ಪಿ ರೈಯವರ ತಂಗಿಯ ಮಗ ದಿಶಾಂತ್. ನೆಲ್ಯಾಡಿಯಲ್ಲಿ ಬಾಡಿಗೆ ಕಾರು ಓಡಿಸುವವನು. ಅಪ್ಪಿ ರೈ ಕರಾರುಪತ್ರವನ್ನು ಜಗಲಿಯಲ್ಲಿ ಕುಳಿತು ಆರಂಭದಿಂದ ಕೊನೆಯ ತನಕ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಸಿನೆಮಾದ ಮ್ಯಾನೇಜರನ ಕೈಯಿಂದಲೇ ಕೆಳಗೆ ಒಂದು ಸಾಲು ಬರೆಸಿದರು: ಕಟ್ಟಿದ್ದನ್ನು ಕಟ್ಟಿದವರೇ ತೆಗೆಯತಕ್ಕದ್ದು.

ಗದ್ದೆಯ ನಟ್ಟನಡುವೆ ದೈವದ ಗುಡಿಯೊಂದು ಏಳತೊಡಗಿತು. ಕೊಯ್ಲು ಮುಗಿದ ಗದ್ದೆಯ ಬದುವಿನಲ್ಲಿ ಕೊಡೆ ಹಿಡಿದು ಕುಳಿತು ಅಪ್ಪಿ ರೈ ಅದನ್ನು ತಳದಿಂದ ತುದಿಯ ತನಕ ನೋಡಿದರು. ಪ್ಲೈವುಡ್ಡಿನ ಗೋಡೆಗೆ ಥರ್ಮೊಕೋಲು ಅಂಟಿಸಿ, ಅದರ ಮೇಲೆ ಗಾರೆ ಮೆತ್ತಿ, ಕೆಂಪು ಮುರಕಲ್ಲಿನ ಬಣ್ಣ ಬಳಿದರು. ಹಾವಸೆಯನ್ನು ಸಹ ಸ್ಪಂಜಿನಲ್ಲಿ ಒತ್ತಿ ಒತ್ತಿ ತಂದರು. ಆಚಾರಿಯ ಕೈಚಳಕವನ್ನು ಅವರು ಮೆಚ್ಚಿಕೊಂಡರು, ಮಧ್ಯಾಹ್ನಕ್ಕೆ ಮಜ್ಜಿಗೆಯನ್ನೂ ಕೊಟ್ಟರು. ಕತೆಯಲ್ಲಿ ಆ ದೈವಕ್ಕೆ ಒಂದು ಹೆಸರು ಇತ್ತು. ದೈವಗಳ ಕತೆ ಹಾಡುವ ಯಾವ ಪಾಡ್ದನದಲ್ಲೂ ಇಲ್ಲದ, ಬರೆದವರು ಬೆಂಗಳೂರಿನಲ್ಲಿ ಕುಳಿತು ಇಟ್ಟ ಹೆಸರು. ಅಪ್ಪಿ ರೈ ಕೊನೆಯ ತನಕ ಆ ಹೆಸರನ್ನು ಬಾಯಿಯಿಂದ ಹೇಳಲಿಲ್ಲ. "ಹೆಸರು ಹಿಡಿದು ಕರೆದ್ರೆ ಅದಕ್ಕೆ ಕಿವಿ ಬರ್ತದೆ," ಎನ್ನುತ್ತಿದ್ದರು. ಅವರ ಬಾಯಿಯಲ್ಲಿ ಅದು ಮೊದಲಿನಿಂದ ಕೊನೆಯವರೆಗೆ ಪ್ಲೈವುಡ್ಡು.

ಚಿತ್ರೀಕರಣ ಮುಗಿಯಿತು. ಇನ್ನೂ ಸ್ವಲ್ಪ ತೆಗೆಯಲಿಕ್ಕಿದೆ ಎಂದು ಹೇಳಿ, ಗುಡಿಗೆ ಟಾರ್ಪಾಲು ಬಿಗಿದು ಅವರು ಹೋದರು. ಆ ಮಳೆಗಾಲ ಅಪ್ಪಿ ರೈ ಗುಡಿಯ ಸುತ್ತ ನೇಜಿ ನೆಟ್ಟರು. ನಡುವೆ ಬೋಳು ಬಿದ್ದ ಜಾಗವನ್ನು ನೋಡುವಾಗೆಲ್ಲ ತಲೆಯ ಮೇಲಿನ ಹುಣ್ಣಿನ ಕಲೆ ಮುಟ್ಟಿದ ಹಾಗೆ ಆಗುತ್ತಿತ್ತು ಅವರಿಗೆ. ಸಿನೆಮಾದವರು ಮರಳಿ ಬರಲಿಲ್ಲ. ಚಿತ್ರ ಮಾತ್ರ ಬಂತು. ಬಂದದ್ದಷ್ಟೇ ಅಲ್ಲ, ಊರಿಗೆ ಊರೇ ಎದ್ದು ನೋಡಿತು. ಐದಾರು ಭಾಷೆಗಳಲ್ಲಿ ಓಡಿದ ಆ ಚಿತ್ರವನ್ನು ಇಚಿಲಂಪಾಡಿಯವರು ಇವತ್ತಿಗೂ ಅಪ್ಪಿಯಕ್ಕನ ಗದ್ದೆಯ ಪಿಕ್ಚರ್ ಎಂದೇ ಕರೆಯುತ್ತಾರೆ. ಯಶ್ಮಿತಾ ತಾಯಿಯನ್ನು ಪುತ್ತೂರಿನ ಟಾಕೀಸಿಗೆ ಕರೆದುಕೊಂಡು ಹೋದಳು. ಪರದೆಯ ಮೇಲೆ ಗುಡಿ ಕಂಡಾಗ ಪಕ್ಕದ ಕುರ್ಚಿಯ ಹೆಂಗಸು ಕೈ ಮುಗಿದಳು.

"ಅದು ಪ್ಲೈವುಡ್ಡು ಮಾರಾಯ್ತಿ," ಎಂದರು ಅಪ್ಪಿ ರೈ, ಟಾಕೀಸಿಗೆಲ್ಲ ಕೇಳುವಂತೆ.

ಕೈ ಮುಗಿದವಳು ಕೈ ಇಳಿಸಲಿಲ್ಲ. ಮುಂದೆ ಬರಲಿದ್ದದ್ದರ ಮೊದಲ ಸೂಚನೆ ಅದಾಗಿತ್ತು.

ಜನ ಗದ್ದೆಗೇ ಬರತೊಡಗಿದರು. ಮೊದಲು ಬಂದವರು ಫೋಟೋ ತೆಗೆಯುವವರು. ದಿಶಾಂತನ ಕಾರಿಗೆ ಬಿಡುವಿಲ್ಲದಾಯಿತು. ಟಾರ್ಪಾಲನ್ನು ಬಿಚ್ಚಿದವನೂ ಅವನೇ. ಆಮೇಲೆ ಯಾರೋ ಒಂದು ಬತ್ತಿ ಉರಿಸಿದರು. ಯಾರೋ ಅರಶಿನ ಇಟ್ಟರು, ನಾಣ್ಯ ಇಟ್ಟರು, ಬಳೆ ಇಟ್ಟರು. ಯಾರದೋ ಕಳೆದುಹೋದ ದನ ಹರಕೆ ಹೇಳಿದ ಮರುದಿನ ಸಿಕ್ಕಿತು. ಅಷ್ಟೇ ಸಾಕಾಯಿತು. ಕಡಬದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಕೃಷ್ಣಮೋಹನನ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಹುಟ್ಟಿತು. ರಸ್ತೆ ತಿರುಗುವಲ್ಲಿ ಫ್ಲೆಕ್ಸ್ ಎದ್ದಿತು. ಅಪ್ಪಿ ರೈ ಅದರ ಮುಂದೆ ನಿಂತು ಗಟ್ಟಿಯಾಗಿ ಓದಿದರು: "ಜೀರ್ಣೋದ್ಧಾರ ಸಮಿತಿ." ಓದಿ, ಹಾಲಿನ ಡಿಪೋದ ಮುಂದೆ ನಿಂತಿದ್ದವರ ಕಡೆಗೆ ತಿರುಗಿದರು. "ಜೀರ್ಣ ಆಗ್ಲಿಕ್ಕೆ ಅದು ಹುಟ್ಟಿ ಎಷ್ಟು ದಿನ ಆಯ್ತು?"

ಯಶ್ಮಿತಾ ಸಿನೆಮಾ ಕಂಪೆನಿಗೆ ಫೋನ್ ಮಾಡಿ ಕರಾರಿನ ಕೊನೆಯ ಸಾಲನ್ನು ನೆನಪಿಸಿದಳು. ಗುಡಿ ನಮ್ಮ ಕಡೆಯಿಂದ ಅಮ್ಮನಿಗೆ ನೆನಪಿನ ಕಾಣಿಕೆ, ಇರಲಿ ಎಂದರಂತೆ.

ಏಪ್ರಿಲ್ ಕಳೆಯುವ ಹೊತ್ತಿಗೆ ಸಮಿತಿ ಅಪ್ಪಿ ರೈಯವರ ಜಗಲಿಗೆ ಬಂತು. ಮಳೆಗಾಲಕ್ಕೆ ಗುಡಿಯ ಮೇಲೆ ಶೀಟು ಹಾಕುವುದು, ಮಳೆ ನಿಂತ ಕೂಡಲೇ ಸುತ್ತಲೂ ಕಾಂಕ್ರೀಟು, ವಾಹನ ನಿಲ್ಲಲು ಜಾಗ. ಗದ್ದೆಯಲ್ಲಿ ಉಳಿಯುತ್ತಿದ್ದದ್ದು ನಾಲ್ಕು ಮೂಲೆ ಮಾತ್ರ.

"ಅಪ್ಪಿಯಕ್ಕ, ಜಾಗ ಕೊಡಿ ಅಂತ ನಾವು ಕೇಳುದಲ್ಲ," ಎಂದ ಕೃಷ್ಣಮೋಹನ. ಅವನು ಕಪಟಿಯಲ್ಲ, ನಂಬಿದ್ದನ್ನು ನಂಬಿಯೇ ಹೇಳುವವನು. "ದೈವ ನಿಮ್ಮ ಗದ್ದೆಯನ್ನೇ ಆರಿಸಿದೆ. ಅದು ನಿಮ್ಮ ಪುಣ್ಯ."

"ಆರಿಸಿದ್ದು ದೈವ ಅಲ್ಲ ಮಾರಾಯ, ಮ್ಯಾನೇಜರು. ಬಂದದ್ದು ನಮ್ಮ ದಿಶಾಂತನ ಕಾರಲ್ಲಿ."

"ದೊಡ್ಡಮ್ಮ, ಎಂತಕ್ಕೆ ಇಷ್ಟು ಹಠ?" ದಿಶಾಂತ್ ನಡುವೆ ಬಾಯಿ ಹಾಕಿದ. "ಊರಿಗೆ ಹೆಸರು ಬಂದಿದೆ. ಮೊಬೈಲಲ್ಲಿ ಒತ್ತಿದ್ರೆ ನಿಮ್ಮ ಗದ್ದೆ ಬರ್ತದೆ."

"ಮೊಬೈಲಲ್ಲಿ ಬಂದ್ರೆ ಸಾಕಾ? ಬಟ್ಟಲಲ್ಲಿ ಬರುದು ಬೇಡ್ವಾ?"

"ಒಂದು ಪ್ರಶ್ನೆ ಇಡುವ," ಎಂದ ಕೃಷ್ಣಮೋಹನ. "ಜೋಯಿಸರು ಕವಡೆ ಹಾಕಿ ನೋಡ್ಲಿ. ಸಾನ್ನಿಧ್ಯ ಇಲ್ಲ ಅಂತ ಬಂದ್ರೆ ನಾವೇ ತೆಗೀತೇವೆ."

"ಉಂಟು ಅಂತ ಬಂದ್ರೆ?"

ಅವನು ದಿಶಾಂತನ ಕಡೆ ನೋಡಿದ.

"ನನ್ನ ಗದ್ದೆಯಲ್ಲಿ ನಾನು ನೇಜಿ ನೆಡುದಾ ಬೇಡ್ವಾ ಅಂತ ಕವಡೆ ಹೇಳ್ಬೇಕಾ? ಅದು ಎಲ್ಲಿಂದ ಬಂತು ಅಂತ ಕೇಳುದಾದ್ರೆ ಕಟ್ಟಿದ ಆಚಾರಿಯ ಫೋನ್ ನಂಬರ್ ಉಂಟು, ಕೊಡುವ. ಇಗೊ, ಮನೆಯ ಹಿಂದೆ ನಮ್ಮ ಮನೆದೈವ ಕಲ್ಲುರ್ಟಿಯ ಕಲ್ಲು ಉಂಟು. ಯಾವ ಕಾಲದ್ದು ಅಂತ ನನ್ನ ಅಜ್ಜಿಗೂ ಗೊತ್ತಿರ್ಲಿಲ್ಲ. ಪ್ರತಿ ವರ್ಷ ತಂಬಿಲದ ಪೂಜೆ ಕೊಡ್ತೇನೆ, ಬನ್ನಿ ಅಂತ ಹೇಳಿಕೆ ಕಳಿಸ್ತೇನೆ. ನಿಮ್ಮ ಸಮಿತಿಯಲ್ಲಿ ಒಬ್ಬನಾದ್ರೂ ಒಂದು ಹಿಡಿ ಹೂ ತಂದವ ಉಂಟಾ? ನಿಮಗೆ ದೈವ ಬೇಡ ಮಾರಾಯ್ರೆ. ಪಿಕ್ಚರಲ್ಲಿ ಕಂಡ ದೈವ ಬೇಕು."

ಚಹಾ ಕುಡಿಯದೆ ಸಮಿತಿ ಎದ್ದು ಹೋಯಿತು. ಆ ಮನೆಯಿಂದ ಚಹಾ ಕುಡಿಯದೆ ಜನ ಎದ್ದದ್ದು ಅದೇ ಮೊದಲು. ಅಪ್ಪಿ ರೈ ಲೋಟಗಳನ್ನು ಒಂದೊಂದಾಗಿ ಒಳಗೆ ಕೊಂಡೊಯ್ದರು.

ಶನಿವಾರ ಬಂದ ಯಶ್ಮಿತಾ ಸುಲಭದ ದಾರಿಯೊಂದನ್ನು ಹೇಳಿದಳು. "ಅಮ್ಮ, ಜೂನ್ ಬಂತಲ್ಲ. ಅವರಿಗೆ ಶೀಟು ಹಾಕ್ಲಿಕ್ಕೆ ಬಿಡ್ಬೇಡಿ, ಅಷ್ಟೇ. ನಾಲ್ಕು ಮಳೆಗೆ ಅದರಷ್ಟಕ್ಕೆ ಕರಗ್ತದೆ. ಯಾರಿಗೂ ಬೇಜಾರಿಲ್ಲ."

"ಕರಗಿದ್ರೆ ಎಂತ ಹೇಳ್ತಾರೆ ಗೊತ್ತುಂಟಾ? ದೈವಕ್ಕೆ ಈ ಗುಡಿ ಸಾಕಾಗ್ಲಿಲ್ಲ, ಕಲ್ಲಿನದ್ದು ಕೇಳ್ತಾ ಉಂಟು ಅಂತ. ಕರಗದೆ ನಿಂತ್ರೆ? ನೋಡಿ, ಮಳೆ ಸಹ ಮುಟ್ಲಿಲ್ಲ ಅಂತ. ಮಳೆಗೆ ಬಿಟ್ರೆ ಎರಡರಲ್ಲೂ ಗೆಲ್ಲುದು ಪ್ಲೈವುಡ್ಡೇ."

"ಮತ್ತೆ ಎಂತ ಮಾಡುದು?"

"ಮಳೆಗೆ ಮೊದಲು, ಹಗಲಿಗೆ, ಎಲ್ಲರೂ ನೋಡ್ತಾ ಇರುವಾಗ, ನನ್ನ ಕೈಯಲ್ಲೇ ಬೀಳ್ಬೇಕು."

"ಆಮೇಲೆ ನಿಮಗೆ ಒಂದು ಜ್ವರ ಬಂದ್ರೂ ಅದಕ್ಕೇ ಹೇಳ್ತಾರಲ್ಲ ಅಮ್ಮ."

ಅಪ್ಪಿ ರೈ ಎದ್ದು ಜಗಲಿಯ ತುದಿಯಿಂದ ಗದ್ದೆಯ ಕಡೆ ನೋಡಿದರು. ಮಗಳ ಮಾತಿನಲ್ಲಿ ನಿಜ ಇತ್ತು. ಕೈಯಿಂದ ಕೆಡವಿದ ಮೇಲೆ ದೇಹದಿಂದ ಸೋತರೆ ಗದ್ದೆ ಮತ್ತೆ ಹೋದಂತೆಯೇ. ಅವರು ಮಂಚ ಹಿಡಿದ ದಿನ ಸಮಿತಿ ಕಲ್ಲು ತಂದು ಇಳಿಸುತ್ತದೆ. ಆ ಯೋಚನೆಯಿಂದಲೇ ಅವರ ಜೀವನದ ಅತ್ಯಂತ ವಿಚಿತ್ರವಾದ ಕೆಲಸ ಹುಟ್ಟಿತು.

ಮದುವೆಗೆ, ದೈವದ ನೇಮಕ್ಕೆ, ಸತ್ತವರ ಬೊಜ್ಜಕ್ಕೆ ಮನೆಮನೆಗೆ ಹೋಗಿ ಬಾಯಾರೆ ಹೇಳಿಕೆ ಹೇಳುವುದು ಈ ಕಡೆಯ ಕ್ರಮ. ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಕಾರ್ಯ ಇಂಥದ್ದು, ದಿನ ಇಂಥದ್ದು ಎಂದು ಹೇಳಿದರೆ ಆ ಮನೆಯವರು ಬರಲೇಬೇಕು. ಅಪ್ಪಿ ರೈ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೊಡೆ ಹಿಡಿದು ಹೊರಟರು. ಒಂದು ಮನೆಯನ್ನೂ ಬಿಡಲಿಲ್ಲ.

"ಬರುವ ಆದಿತ್ಯವಾರ ಬೆಳಿಗ್ಗೆ ನಮ್ಮ ಗದ್ದೆಯಲ್ಲಿ ಪ್ಲೈವುಡ್ಡು ತೆಗೆಯುದು ಉಂಟು. ಮನೆಮಂದಿ ಎಲ್ಲ ಬರ್ಬೇಕು. ಮಧ್ಯಾಹ್ನಕ್ಕೆ ಊಟ ಉಂಟು." ಇಷ್ಟು ಹೇಳಿ, ನೀರು ಕುಡಿದು, ಎರಡನೆಯ ಭಾಗಕ್ಕೆ ಬರುತ್ತಿದ್ದರು. "ಮತ್ತೊಂದು ಮಾತು. ನನಗೆ ಸಕ್ಕರೆ ಕಾಯಿಲೆ ಮೊದಲಿಂದ ಉಂಟು. ಬಲದ ಕಾಲಿನ ಗಂಟು ನೋವು ಯಶ್ಮಿತಾ ಹುಟ್ಟಿದ ಲಾಗಾಯ್ತಿನದ್ದು. ಎಡದ ಕಣ್ಣಿಗೆ ಪೊರೆ ಬಂದಿದೆ. ಹತ್ತುವಾಗ ಎದೆ ಹೊಡ್ಕೊಳ್ತದೆ. ಇದೆಲ್ಲ ಆದಿತ್ಯವಾರಕ್ಕೆ ಮೊದಲಿನದ್ದು. ಸಾಯುದು ಹೇಗೂ ಉಂಟು. ಅದನ್ನು ಪ್ಲೈವುಡ್ಡಿನ ಲೆಕ್ಕಕ್ಕೆ ಹಾಕ್ಬೇಡಿ."

ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ಕೃಷ್ಣಮೋಹನನ ಜಗಲಿಯಲ್ಲಿ ನಗು ಇರಲಿಲ್ಲ. ಅವನ ಹೆಂಡತಿ ತಂದಿಟ್ಟ ನೀರನ್ನು ಪೂರ್ತಿ ಕುಡಿದು, ಅದೇ ಹೇಳಿಕೆಯನ್ನು ಅದೇ ಕ್ರಮದಲ್ಲಿ ಒಪ್ಪಿಸಿದರು.

"ಅಪ್ಪಿಯಕ್ಕ, ನಿಮಗೆ ಹೆದರಿಕೆ ಅಂತ ಒಂದು ಇಲ್ವಾ?" ಎಂದು ಅವನು ಕೇಳಿದ.

"ಉಂಟು ಕೃಷ್ಣಮೋಹನ. ಅದಕ್ಕೇ ಬಂದು ಹೇಳುದು. ಹೆದರಿಕೆ ಇಲ್ಲದಿದ್ರೆ ಹೇಳದೆ ಕೆಡವ್ತಿದ್ದೆ. ಗಂಟು ನೋವು ಎಷ್ಟು ಹಳತ್ತು ಅಂತ ಹೇಳಿದೆ?"

"ಯಶ್ಮಿತಾ ಹುಟ್ಟಿದ ಲಾಗಾಯ್ತು."

"ಹಾಂ. ನೆನಪಿರ್ಲಿ."

ಅವರ ಗದ್ದೆಯನ್ನು ವರ್ಷವೂ ಟಿಲ್ಲರಿನಲ್ಲಿ ಉಳುತ್ತಿದ್ದವರು ಅಬೂಬಕರ್. ಈ ಸಲ ಅವರು ಅಂಗಳದಲ್ಲೇ ನಿಂತರು. "ಅಕ್ಕಾ, ನಿಮಗೆ ಇಲ್ಲ ಅಂತ ನಾನು ಯಾವತ್ತೂ ಹೇಳಿದವ ಅಲ್ಲ. ಆದ್ರೆ ಅದಕ್ಕೆ ನನ್ನ ಟಿಲ್ಲರು ತಾಗಿದ್ರೆ ನಾಳೆ ಕತೆ ಬೇರೆಯೇ ಆಗ್ತದೆ. ಪ್ಲೈವುಡ್ಡು ಅಂತ ನೀವು ಹೇಳ್ಬಹುದು. ನಾನು ಹೇಳ್ಲಿಕ್ಕೆ ಆಗುದಿಲ್ಲ."

"ನೀವು ಮುಟ್ಟುದು ಬೇಡ ಅಬೂಬಕರ್. ಬದುವಿನ ಆಚೆ ನಿಲ್ಲಿ. ಕೊನೆಯ ತುಂಡು ನಾನು ಹೊರಗೆ ಹಾಕಿದ ಮೇಲೆ ಗದ್ದೆ ಮಾತ್ರ ಉಳಿಯುದು. ಗದ್ದೆ ಉಳ್ಲಿಕ್ಕೆ ಬರ್ತೀರಲ್ಲ?"

"ಗದ್ದೆ ಉಳ್ಲಿಕ್ಕೆ ಬಾರದೆ ಎಂತ!"

ಆದಿತ್ಯವಾರ ಹೊತ್ತು ಮೂಡುವಾಗ ಅಪ್ಪಿ ರೈ ಒಬ್ಬರೇ ಗದ್ದೆಗೆ ಇಳಿದರು. ಗುಡಿಯ ಮುಂದಿನ ಬಳೆ, ನಾಣ್ಯ, ಒಣಗಿದ ಹಿಂಗಾರದ ಹೂಗಳ ನಡುವೆ ಅಂಗೈಯಗಲದ ಒಂದು ಮರದ ತೊಟ್ಟಿಲು ಇತ್ತು. ಮಕ್ಕಳಿಲ್ಲದ ಯಾವುದೋ ಹೆಣ್ಣಿನ ಹರಕೆ. ಅದನ್ನು ಕೈಗೆತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದರು. ಪ್ಲೈವುಡ್ಡು ಸುಳ್ಳು, ಆದರೆ ಈ ತೊಟ್ಟಿಲನ್ನು ಇಟ್ಟವಳ ಕಣ್ಣೀರು ಸುಳ್ಳಲ್ಲ. ಅವರು ಎಲ್ಲವನ್ನೂ ಸೆರಗಿಗೆ ತುಂಬಿಕೊಂಡು ಮನೆಯ ಹಿಂದಕ್ಕೆ ನಡೆದರು. ಕಲ್ಲುರ್ಟಿಯ ಕಲ್ಲಿನ ಮುಂದೆ ಒಂದೊಂದಾಗಿ ಇಟ್ಟರು.

"ಇಟ್ಟ ಜಾಗ ತಪ್ಪಿತು, ಹರಕೆ ತಪ್ಪಲಿಲ್ಲ," ಎಂದು ಗಟ್ಟಿಯಾಗಿ ಅರಿಕೆ ಮಾಡಿಕೊಂಡರು. "ಇದನ್ನೆಲ್ಲ ನೀನು ವಹಿಸಿಕೊಳ್ಬೇಕು. ನಾನು ಮಾಡುದು ತಪ್ಪಾದ್ರೆ ಕೇಳ್ಬೇಕಾದವಳು ನೀನು. ಬೇರೆ ಯಾರೂ ಅಲ್ಲ."

ಬಿಸಿಲು ಏರುವಾಗ ಬದುವಿನ ತುಂಬ ಜನ. ಸಮಿತಿಯವರು ಒಂದು ಕಡೆ ಕೈಕಟ್ಟಿ ನಿಂತಿದ್ದರು. ದಿಶಾಂತ್ ಗುಡಿಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಅಪ್ಪಿ ರೈ ಪಿಕ್ಕಾಸು ಹೆಗಲಿಗಿಟ್ಟು ಬಂದು ಅವನ ಮುಂದೆ ನಿಂತರು.

"ದೊಡ್ಡಮ್ಮ, ಬೇಡ. ನನ್ನ ಹೊಟ್ಟೆಗೆ ಹೊಡೆದ ಹಾಗೆ ಆಗ್ತದೆ."

"ನಿನ್ನ ಹೊಟ್ಟೆಗೆ ನಿನ್ನ ಅಮ್ಮ ಹೋದ ಮೇಲೆ ಅನ್ನ ಹಾಕಿದ್ದು ಈ ಗದ್ದೆ ಮಗಾ. ಸ್ವಲ್ಪ ಈಚೆ ಬಾ, ಗಾರೆ ಕಣ್ಣಿಗೆ ಬೀಳ್ತದೆ."

ಅವನು ಸರಿದ. ಒಪ್ಪಿ ಸರಿದದ್ದಲ್ಲ, ಪಿಕ್ಕಾಸು ಎತ್ತಿದ ಮುದುಕಿಯ ಮುಖ ನೋಡಿ ಸರಿದದ್ದು.

ಮೊದಲ ಏಟಿಗೆ ಮುರಕಲ್ಲಿನ ಗೋಡೆ ಡಬ್ಬದ ಹಾಗೆ ಸದ್ದು ಮಾಡಿತು. ಎರಡನೆಯದಕ್ಕೆ ಬಾಯಿ ಬಿಟ್ಟಿತು. ಒಳಗಿಂದ ಥರ್ಮೊಕೋಲಿನ ಬಿಳಿ ಕಾಳುಗಳು ಗಾಳಿಗೆ ಎದ್ದು ಜನರ ಮೈಮೇಲೆ, ಅಪ್ಪಿ ರೈಯವರ ತುರುಬಿನ ಮೇಲೆ ಬಿದ್ದವು.  ಅಪ್ಪಿ ರೈ ಹೊಡೆದರು, ನಿಂತು ಉಸಿರೆಳೆದರು, ಮತ್ತೆ ಹೊಡೆದರು. ಗುಡಿಯ ಮಾಡು ಕುಸಿಯುವ ಹೊತ್ತಿಗೆ, ಹಿಂದೆ ಸರಿಯಲು ಹೋದ ಅವರ ಕಾಲು ಜಾರಿತು. ಅಪ್ಪಿ ರೈ ತಮ್ಮ ಗದ್ದೆಯ ನಡುವೆ, ಊರೆಲ್ಲ ನೋಡುತ್ತಿರುವಂತೆ, ಅಂಗಾತ ಬಿದ್ದರು.

ಬದುವಿನ ಮೇಲೆ ಒಂದೇ ಉಸಿರು ಒಳಗೆಳೆದುಕೊಂಡ ಸದ್ದು. ಕೆಲವು ಹೆಂಗಸರು ಕೈ ಮುಗಿದರು. ಯಶ್ಮಿತಾ ಓಡಿ ಬಂದಳು. ಕೃಷ್ಣಮೋಹನನ ಮುಖದಲ್ಲಿ ಗೆಲುವು ಇರಲಿಲ್ಲ, ಭಯ ಇತ್ತು.

ಬಿದ್ದಲ್ಲಿಂದಲೇ ಅಪ್ಪಿ ರೈ ಕೂಗಿ ಹೇಳಿದರು: "ಕಾಲು ಜಾರಿದ್ದು ಥರ್ಮೊಕೋಲಿನ ಮೇಲೆ! ಎಲ್ಲರೂ ನೋಡಿದ್ರಲ್ಲ? ಎಡದ ಕಾಲು. ಇದೊಂದು ಹೊಸ ನೋವು, ಇದನ್ನೂ ಸೇರಿಸಿಕೊಳ್ಳಿ!"

ಮೊದಲು ನಕ್ಕವರು ಅಬೂಬಕರ್. ಆಮೇಲೆ ಬದುವಿಡೀ ನಕ್ಕಿತು, ಸಮಿತಿಯ ಕಡೆಯ ಒಬ್ಬಿಬ್ಬರೂ ಸೇರಿ. ಮಗಳ ಹೆಗಲು ಹಿಡಿದು ಎದ್ದ ಅಪ್ಪಿ ರೈ ಉಳಿದದ್ದನ್ನು ಒಂಟಿಗಾಲಿನಲ್ಲಿ ಮುಗಿಸಿದರು. ತುಂಡುಗಳನ್ನು ಅವರೇ ಎಳೆದು ಬದುವಿನ ಆಚೆಗೆ ಹಾಕಿದರು; ಯಶ್ಮಿತಾಳನ್ನೂ ಮುಟ್ಟಗೊಡಲಿಲ್ಲ. ಆಮೇಲೆ ಟಿಲ್ಲರು ಇಳಿಯಿತು. ಬೋಳು ಜಾಗದ ಮಣ್ಣು ಮೇಲೆ ಕೆಳಗಾಗುವಾಗ ಬೆಳ್ಳಕ್ಕಿಗಳು ಎಂದಿನಂತೆ ಅದರ ಹಿಂದೆ ನಡೆದವು.

ಊಟಕ್ಕೆ ಹೆಚ್ಚಿನವರು ಕುಳಿತರು. ಕೃಷ್ಣಮೋಹನ ಕುಳಿತುಕೊಳ್ಳಲಿಲ್ಲ. ದಿಶಾಂತ್ ಆ ದಿನದಿಂದ ದೊಡ್ಡಮ್ಮನೊಡನೆ ಮಾತು ಬಿಟ್ಟ. ಅಪ್ಪಿ ರೈಯವರ ಎಡಗಾಲು ಪೂರ್ತಿ ಸರಿಯಾಗಲಿಲ್ಲ, ಕುಂಟು ಉಳಿಯಿತು. ಕುಂಟುತ್ತಲೇ ಆ ವರ್ಷದ ನೇಜಿ ನೆಟ್ಟರು, ಅದರ ಮರುವರ್ಷದ್ದೂ. ಯಾರಾದರೂ ಕಾಲಿನ ಕಡೆ ನೋಡಿದರೆ "ಥರ್ಮೊಕೋಲು" ಎನ್ನುತ್ತಿದ್ದರು, ನೋಡಿದವರು ಕೇಳುವ ಮೊದಲೇ.

ಅವರ ಬೊಜ್ಜದ ಊಟ ಅದೇ ಅಂಗಳದಲ್ಲಿ ನಡೆಯಿತು. ಅವರ ಗದ್ದೆಯದೇ ಅಕ್ಕಿ. ಬಡಿಸುತ್ತಿದ್ದವನು ದಿಶಾಂತ್, ಹೆಣಕ್ಕೆ ಹೆಗಲು ಕೊಟ್ಟವರಲ್ಲಿಯೂ ಅವನು ಇದ್ದ. ಯಶ್ಮಿತಾ ಸಾರಿನ ಪಾತ್ರೆ ಹಿಡಿದು ಬರುವಾಗ ಪಂಕ್ತಿಯಲ್ಲಿ ಯಾರೋ ಹೇಳುತ್ತಿದ್ದದ್ದು ಕೇಳಿಸಿತು: "ಕೊನೆಗೂ ಬಿಡ್ಲಿಲ್ಲ ನೋಡಿ. ಎರಡು ವರ್ಷ ಕಾದು ಕೊಂಡೋಯ್ತು."

ಅವಳ ಕೈಯ ಸೌಟು ನಿಂತಿತು. ತಾಯಿ ಹೆದರಿದ್ದದ್ದು ಇದೇ ಮಾತಿಗೆ. ಉತ್ತರ ಕೊಡಲು ಅವಳು ಬಾಯಿ ತೆರೆಯುವ ಮೊದಲೇ, ಅದೇ ಪಂಕ್ತಿಯ ಕೊನೆಯಿಂದ ಇನ್ನೊಂದು ಧ್ವನಿ ಬಂತು.

"ಸುಮ್ಮನೆ ಉಣ್ಣು ಮಾರಾಯ. ಸಕ್ಕರೆ ಮೊದಲಿಂದ ಇತ್ತು. ಗಂಟು ನೋವು ಯಶ್ಮಿತಾ ಹುಟ್ಟಿದ ಲಾಗಾಯ್ತು. ಹತ್ತುವಾಗ ಎದೆ ಹೊಡ್ಕೊಳ್ತಿತ್ತು. ನಮ್ಮ ಜಗಲಿಯಲ್ಲಿ ಕೂತು, ನೀರು ಕುಡಿದು, ಹೇಳಿ ಹೋಗಿದ್ದಾರೆ." ಕೃಷ್ಣಮೋಹನ ತಲೆ ಎತ್ತದೆ ಅನ್ನ ಕಲಸಿದ. "ನಾನು ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ಆ ಹೆಂಗಸು ನನಗೆ ಬಾಯಿಪಾಠ ಮಾಡಿಸಿದ್ದಾರೆ."

ಅಪ್ಪಿ ರೈಯವರು ಬಿಟ್ಟು ಹೋದವುಗಳು:

ತಾಯಿಯ ಹಾಗೆಯೇ ಗಟ್ಟಿಯಾಗಿ ಓದುವ ಒಬ್ಬ ಮಗಳು.

ಮಾತು ಬಿಟ್ಟಿದ್ದರೂ ಹೆಗಲು ಕೊಟ್ಟ, ತಂಗಿಯ ಮಗ.

ಒಂದು ಪ್ರಸಿದ್ಧ ಚಿತ್ರದಲ್ಲಿ ತಮ್ಮ ಬೆನ್ನು; ತಲೆಹೊರೆ ಹೊತ್ತು ಬದುವಿನಲ್ಲಿ ನಡೆಯುವ ಮುದುಕಿ ಅವರೇ.

ಕಲ್ಲುರ್ಟಿಯ ಕಲ್ಲಿನ ಮುಂದೆ ಒಂದು ಮರದ ತೊಟ್ಟಿಲು. ಅದನ್ನು ಹುಡುಕಿಕೊಂಡು ಯಾರಾದರೂ ಬಂದರೆ ದಾರಿ ತೋರಿಸಬೇಕೆಂದು ಹೇಳಿದ್ದಾರೆ.

ಕೋಳಿಗೂಡಿನ ಮಾಡಿಗೆ ಹೊದಿಸಿದ ಪ್ಲೈವುಡ್ಡಿನ ಹಲಗೆಗಳು, ಹಾವಸೆಯ ಬಣ್ಣ ಇನ್ನೂ ಮಾಸದೆ.

ಹಿಡಿ ಸವೆದ ಪಿಕ್ಕಾಸು.

ಅರ್ಧ ಕೇರಿದ ಬೀಜದ ಭತ್ತ;

ಮತ್ತು ಗದ್ದೆ, ಪೂರ್ತಿ.